ಅಡುಗೆಮನೆಯ ಮೇಜಿನ ಸುತ್ತ: ಕಂಪ್ಯಾಷನೇಟ್ ಫ್ರೆಂಡ್ಸ್ ಬಳಗದ ಐದು ದಶಕಗಳು

ನಮ್ಮ ಊರುಗಳಲ್ಲಿ ಯಾರ ಮನೆಯಲ್ಲಾದರೂ ಸಾವಾದರೆ 'ಮಾತಾಡಿಸಿಕೊಂಡು ಬರೋಣ' ಎಂದು ಹೊರಡುವುದು ರೂಢಿ. ಹೆಸರಿಗೆ ಮಾತಾಡಿಸುವುದಾದರೂ ಹೋದವರು ಹೆಚ್ಚು ಮಾತಾಡುವುದಿಲ್ಲ. ಜಗಲಿಯಲ್ಲೋ ಚಾಪೆಯ ಮೇಲೋ ಕೂತು, ಹೇಗಾಯಿತು ಎಂದು ಕೇಳಿ, ಹೇಳಿದ್ದನ್ನು ಕೇಳಿಸಿಕೊಂಡು, 'ಹೋಗಿ ಬರುತ್ತೇವೆ' ಎನ್ನದೆ ಎದ್ದು ಬರುತ್ತಾರೆ. ಹಿರಿಯರ ಸಾವಿಗೆ ಈ ಕ್ರಮ ಸಾಕಾಗುತ್ತದೆ. ಹನ್ನೊಂದನೆಯ ದಿನ, ಹದಿಮೂರನೆಯ ದಿನ, ವರ್ಷದ ತಿಥಿ ಎಂದು ದುಃಖಕ್ಕೂ ಒಂದು ಲೆಕ್ಕವಿದೆ. ಮಗುವಿನ ಸಾವಿಗೆ ಆ ಲೆಕ್ಕ ತಾಳೆಯಾಗುವುದಿಲ್ಲ. ಎಳೆಯ ಮಗುವಾದರೆ ಎಷ್ಟೋ ಮನೆಗಳಲ್ಲಿ ಕರ್ಮವೂ ಚಿಕ್ಕದು, ಮುಂದೆ ತಿಥಿಯೂ ಇಲ್ಲ. ಬಂದವರಿಗೂ ಏನು ಹೇಳಬೇಕೆಂದು ತೋಚದು. 'ಪುತ್ರಶೋಕಂ ನಿರಂತರಂ' ಎಂದು ಹಿಂದಿನವರು ಹೇಳಿಟ್ಟರು. ಆ ನಿರಂತರವಾದದ್ದನ್ನು ಎದೆಯಲ್ಲಿ ಹೊತ್ತವರು ಹದಿಮೂರನೆಯ ದಿನ ಕಳೆದ ಮೇಲೆ ಯಾರ ಬಳಿ ಹೋಗಬೇಕೆಂಬುದು ಮಾತ್ರ ಹೇಳದೆ ಉಳಿಯಿತು.

ಈ ಪ್ರಶ್ನೆಗೆ ಉತ್ತರವೆಂಬಂತೆ 1969ರ ಜನವರಿಯಲ್ಲಿ ಇಂಗ್ಲೆಂಡಿನ ಕೊವೆಂಟ್ರಿ ನಗರದಲ್ಲಿ ಆರು ಜನ ಸೇರಿ ಒಂದು ಬಳಗ ಕಟ್ಟಿದರು. ಅದೇ ಇಂದು ಹಲವು ದೇಶಗಳಲ್ಲಿ ಹರಡಿರುವ 'ದಿ ಕಂಪ್ಯಾಷನೇಟ್ ಫ್ರೆಂಡ್ಸ್', ಎಂದರೆ ಮರುಕವುಳ್ಳ ಗೆಳೆಯರು. ಐವತ್ತು ವರ್ಷ ದಾಟಿದ ಈ ಸಂಸ್ಥೆಯ ಹುಟ್ಟು, ಬೆಳವಣಿಗೆ, ಬದಲಾದ ಗುರಿಗಳನ್ನು ಕನ್ನಡದ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಪಾಳುಗೋಡೆಯ ಪಕ್ಕದ ಊರು (1940–1968)

ಕೊವೆಂಟ್ರಿ ಮಧ್ಯ ಇಂಗ್ಲೆಂಡಿನ ಕೈಗಾರಿಕಾ ನಗರ. ಮೊದಲು ಸೈಕಲ್ಲಿಗೆ, ಆಮೇಲೆ ಮೋಟಾರು ಕಾರಿಗೆ ಹೆಸರಾದ ಊರು. 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಸುರಿಸಿದ ಬಾಂಬಿಗೆ ನಗರದ ನಡುಭಾಗ ಸುಟ್ಟುಹೋಯಿತು. ಮಧ್ಯಯುಗದ ಸೇಂಟ್ ಮೈಕೇಲ್ ಕೆಥೆಡ್ರಲಿನ ಹೊರಗೋಡೆಗಳೂ ಗೋಪುರವೂ ಮಾತ್ರ ಉಳಿದವು. ಯುದ್ಧ ಮುಗಿದ ಮೇಲೆ ಹೊಸ ಕೆಥೆಡ್ರಲಿನ ಹೊಣೆ ಹೊತ್ತ ವಾಸ್ತುಶಿಲ್ಪಿ ಬೇಸಿಲ್ ಸ್ಪೆನ್ಸ್ ಆ ಪಾಳುಗೋಡೆಗಳನ್ನು ಕೆಡವಲಿಲ್ಲ, ಅವುಗಳಿಗೆ ಒತ್ತಿಕೊಂಡಂತೆ ಹೊಸದನ್ನು ಕಟ್ಟಿದರು. 1962ರ ಮೇ 25ರಂದು ಅದರ ಪ್ರತಿಷ್ಠೆ ನಡೆಯಿತು. ಇಂದಿಗೂ ಅಲ್ಲಿಗೆ ಹೋದವರು ಮಾಡಿಲ್ಲದ ಹಳೆಯ ಅಂಗಳವನ್ನೂ ಹೊಸ ಮಂದಿರವನ್ನೂ ಒಟ್ಟಿಗೆ ನೋಡುತ್ತಾರೆ. ಅದೇ ಯುದ್ಧದಲ್ಲಿ ಬಾಂಬಿನ ಪೆಟ್ಟು ತಿಂದು ಚೇತರಿಸಿಕೊಂಡದ್ದು ಕೊವೆಂಟ್ರಿ ಅಂಡ್ ವಾರ್ವಿಕ್‌ಷೈರ್ ಆಸ್ಪತ್ರೆ. ನಮ್ಮ ಕಥೆ ಶುರುವಾಗುವುದು ಆ ಆಸ್ಪತ್ರೆಯಲ್ಲಿ.

ಇಂಥದೊಂದು ಬಳಗದ ಅಗತ್ಯ ಆ ಹೊತ್ತಿಗೆ ಏಕೆ ಹುಟ್ಟಿತೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1900ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಹುಟ್ಟಿದ ಸಾವಿರ ಶಿಶುಗಳಲ್ಲಿ 150ರಷ್ಟು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 1970ರ ಹೊತ್ತಿಗೆ ಆ ಸಂಖ್ಯೆ 18ರ ಆಸುಪಾಸಿಗೆ ಇಳಿದಿತ್ತು. ಶುದ್ಧ ನೀರು, ಲಸಿಕೆ, ಪೆನಿಸಿಲಿನ್, ಸರ್ಕಾರಿ ಆರೋಗ್ಯ ಸೇವೆ ಎಲ್ಲವೂ ಸೇರಿ ಮಾಡಿದ ದೊಡ್ಡ ಉಪಕಾರವದು. ಆದರೆ ಅದರ ಜೊತೆಗೆ ಯಾರೂ ಎಣಿಸದ ಇನ್ನೊಂದೂ ಆಯಿತು. ಹಿಂದೆ ಬೀದಿಗೊಬ್ಬಳು ಮಗು ಕಳೆದುಕೊಂಡ ತಾಯಿ ಇರುತ್ತಿದ್ದಳು. ಹೊಸದಾಗಿ ಆ ಸಂಕಟಕ್ಕೆ ಬಿದ್ದವಳ ಪಕ್ಕದಲ್ಲಿ ಬಂದು ಕೂರುತ್ತಿದ್ದಳು. ಮಕ್ಕಳ ಸಾವು ಅಪರೂಪವಾದಂತೆ ಆ ತಾಯಿಯೂ ಅಪರೂಪವಾದಳು. ಉಳಿದವರಿಗೆ ಈ ದುಃಖದ ಪರಿಚಯವೇ ಇಲ್ಲವಾಗಿ, ಅವರು ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆದರು.

ಆಸ್ಪತ್ರೆಗಳ ಕ್ರಮವೂ ಬಿಗಿಯಾಗಿತ್ತು. ಒಳರೋಗಿಯಾದ ಮಗುವನ್ನು ತಂದೆತಾಯಿ ಯಾವ ಹೊತ್ತಿಗಾದರೂ ನೋಡಲು ಬಿಡಬೇಕೆಂದು ಪ್ಲಾಟ್ ಸಮಿತಿ ಶಿಫಾರಸು ಮಾಡಿದ್ದು 1959ರಲ್ಲಿ. ಅದು ಎಲ್ಲ ಕಡೆ ಜಾರಿಗೆ ಬರಲು ವರ್ಷಗಳೇ ಹಿಡಿದವು. ಸತ್ತು ಹುಟ್ಟಿದ ಮಗುವಿನ ಮುಖವನ್ನು ತಾಯಿಗೆ ತೋರಿಸದೆ ಸಾಗಿಸುವುದೇ ಆಗ ದಯೆ ಎನಿಸಿಕೊಂಡಿತ್ತು. 1965ರಲ್ಲಿ ಜೆಫ್ರಿ ಗೋರರ್ ಎಂಬ ಮಾನವಶಾಸ್ತ್ರಜ್ಞರು ಬ್ರಿಟನ್ನಿನ ಶೋಕಾಚರಣೆ ಕುರಿತ ಪುಸ್ತಕದಲ್ಲಿ, ಆ ಸಮಾಜ ಸಾವಿನ ಬಗ್ಗೆ ಮಾತಾಡುವುದನ್ನೇ ಮರೆತಿದೆ ಎಂದು ತೋರಿಸಿದರು. ಬೆಳೆದ ಮಗುವನ್ನು ಕಳೆದುಕೊಂಡವರ ದುಃಖವೇ ಎಲ್ಲಕ್ಕಿಂತ ತೀವ್ರ, ಎಲ್ಲಕ್ಕಿಂತ ದೀರ್ಘ ಎಂಬುದೂ ಅವರು ಕಂಡುಕೊಂಡ ಸತ್ಯ.

ಗಾಳಿ ಮೆಲ್ಲಗೆ ಬದಲಾಗತೊಡಗಿತ್ತು ಎಂಬುದೂ ನಿಜ. ವಿಧವೆಯರಿಗಾಗಿ 'ಕ್ರೂಸ್' ಸಂಸ್ಥೆ 1959ರಲ್ಲಿ ಹುಟ್ಟಿತ್ತು. ಸಿಸಿಲಿ ಸಾಂಡರ್ಸ್ ಅವರ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ 1967ರಲ್ಲಿ ಲಂಡನ್ನಿನಲ್ಲಿ ಬಾಗಿಲು ತೆರೆದಿತ್ತು. ಒಂದೇ ಕಷ್ಟ ಅನುಭವಿಸಿದವರು ಒಬ್ಬರಿಗೊಬ್ಬರು ಆಸರೆಯಾಗಬಲ್ಲರೆಂಬುದನ್ನು ಕುಡಿತ ಬಿಟ್ಟವರ ಸಂಘಗಳು 1935ರಿಂದಲೇ ಅಮೆರಿಕದಲ್ಲಿ ತೋರಿಸಿಕೊಟ್ಟಿದ್ದವು. ಮಕ್ಕಳನ್ನು ಕಳೆದುಕೊಂಡವರಿಗೆ ಮಾತ್ರ ಇನ್ನೂ ಒಂದು ಬಾಗಿಲು ತೆರೆದಿರಲಿಲ್ಲ.

ಎರಡು ಮನೆಗಳು (1968)

1968ರ ಮೇ ತಿಂಗಳಲ್ಲಿ ಕೊವೆಂಟ್ರಿಯ ಆ ಆಸ್ಪತ್ರೆಯಲ್ಲಿ ಇಬ್ಬರು ಹುಡುಗರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಒಬ್ಬ ರಸ್ತೆ ಅಪಘಾತಕ್ಕೆ ಸಿಕ್ಕಿದವನು, ಇನ್ನೊಬ್ಬ ಕಾಯಿಲೆಯಿಂದ ನರಳಿದವನು. ಕೆನೆತ್ ಮತ್ತು ಬಿಲ್ಲಿ ಅವರ ಹೆಸರು. ಕೆನೆತ್‌ನ ಹೆತ್ತವರಾದ ಜೋ ಮತ್ತು ಐರಿಸ್ ಲಾಲಿ ದಂಪತಿ, ಬಿಲ್ಲಿಯ ಹೆತ್ತವರಾದ ಬಿಲ್ ಮತ್ತು ಜೋನ್ ಹೆಂಡರ್ಸನ್ ದಂಪತಿ ಅದಕ್ಕೆ ಮೊದಲು ಒಬ್ಬರಿಗೊಬ್ಬರು ಪರಿಚಿತರಲ್ಲ.

ಆಸ್ಪತ್ರೆಯ ಪಾದ್ರಿಗೆ ಸಹಾಯಕರಾಗಿದ್ದವರು ಸೈಮನ್ ಸ್ಟೀಫನ್ಸ್ ಎಂಬ ತರುಣ. ಎರಡೂ ಮನೆಯವರ ಜೊತೆ ಕೂತು ಸಮಾಧಾನ ಹೇಳುವುದು ಅವರ ಕೆಲಸ. ಹೇಳಿದ ಸಮಾಧಾನ ಎಷ್ಟರಮಟ್ಟಿಗೆ ಮುಟ್ಟುತ್ತಿದೆ ಎಂಬ ಅಳುಕೂ ಅವರಿಗಿತ್ತು. ಅಷ್ಟರಲ್ಲಿ ಐರಿಸ್ ಲಾಲಿಯವರು ಹೆಂಡರ್ಸನ್ ಅವರ ಮಗನ ಅಂತ್ಯಕ್ರಿಯೆಗೆ ಹೂವು ಕಳಿಸಿದರು. ತನ್ನ ಮಗನನ್ನು ಕಳೆದುಕೊಂಡ ತಾಯಿ ಇನ್ನೊಬ್ಬಳ ಮಗನಿಗೆ ಕಳಿಸಿದ ಹೂವು ಅದು. ಹೂವು ಸ್ವೀಕರಿಸಿದವರು ಕಳಿಸಿದವರನ್ನು ಹುಡುಕಿದರು, ಚಹಕ್ಕೆ ಕೂಡಿಕೊಂಡರು. ನಾಲ್ವರೂ ತಮ್ಮ ಮಕ್ಕಳ ಹೆಸರು ಹಿಡಿದು ಮಾತಾಡಿದರು, ಅತ್ತರು. ಯಾರೂ ಯಾರಿಗೂ 'ಅಳಬೇಡಿ' ಎನ್ನಲಿಲ್ಲ.

ಆ ಭೇಟಿಗಳನ್ನು ಹತ್ತಿರದಿಂದ ಕಂಡ ಸ್ಟೀಫನ್ಸ್ ಅವರಿಗೆ ಒಂದು ಮಾತು ಸ್ಪಷ್ಟವಾಯಿತು: ಪಾದ್ರಿಯಾಗಿ ತಾನು ಕೊಡಲಾರದ್ದನ್ನು ಈ ನಾಲ್ವರು ಒಬ್ಬರಿಗೊಬ್ಬರು ಕೊಡುತ್ತಿದ್ದಾರೆ. ತನ್ನ ವಿದ್ಯೆಗಿಂತ ಅವರ ಅನುಭವ ದೊಡ್ಡದು ಎಂದು ಒಪ್ಪಿಕೊಂಡು ಪಕ್ಕಕ್ಕೆ ಸರಿದು ನಿಂತದ್ದು ಆ ತರುಣನ ದೊಡ್ಡತನ. ಸಂಸ್ಥೆಯ ಅಡಿಗಲ್ಲು ಬಿದ್ದದ್ದು ಅಲ್ಲಿ. ಅಡುಗೆಮನೆಯ ಮೇಜಿನ ಸುತ್ತ ಎರಡು ಕುಟುಂಬ ಕೂತಿದ್ದವು, ಆಮೇಲೆ ಇನ್ನೂ ಒಂದಿಬ್ಬರು ಬಂದು ಸೇರಿದರು.

ಹೆಸರು ಬಂತು, ನಿಯಮ ಬಂತು (1969–1972)

1969ರ ಜನವರಿ 28ರಂದು ಆರು ಜನ ಆ ಆಸ್ಪತ್ರೆಯಲ್ಲೇ ಸಭೆ ಸೇರಿದರು. ಬಳಗಕ್ಕೆ ಏನೆಂದು ಹೆಸರಿಡುವುದೆಂಬ ಮಾತು ಬಂತು. ಅಂದಿನ ಚರ್ಚೆಯುದ್ದಕ್ಕೂ ಮರುಕ ಎಂಬರ್ಥದ ಇಂಗ್ಲಿಷ್ ಪದ ಮತ್ತೆ ಮತ್ತೆ ಎಲ್ಲರ ಬಾಯಲ್ಲೂ ಬಂದಿತ್ತು. 'ಸೊಸೈಟಿ ಆಫ್ ದಿ ಕಂಪ್ಯಾಷನೇಟ್ ಫ್ರೆಂಡ್ಸ್' ಎಂಬ ಹೆಸರು ಹಾಗೆ ಮಾತಿನಿಂದಲೇ ಮೂಡಿತು. ಅದೇ 1969ರಲ್ಲಿ ಅಮೆರಿಕದಲ್ಲಿ ಎಲಿಸಬೆತ್ ಕೂಬ್ಲರ್ ರಾಸ್ ಅವರು ಸಾವಿನಂಚಿನಲ್ಲಿರುವವರನ್ನು ಕುರಿತ ತಮ್ಮ ಪ್ರಸಿದ್ಧ ಪುಸ್ತಕ ಪ್ರಕಟಿಸಿದರು. ಸಾವಿನ ಬಗ್ಗೆ ಬಾಯಿಬಿಟ್ಟು ಮಾತಾಡುವ ಕಾಲ ಸಾಗರದ ಎರಡೂ ದಂಡೆಗಳಲ್ಲಿ ಒಟ್ಟಿಗೆ ಬಂದಿತ್ತು.

ಮೊದಲ ವರ್ಷಗಳಲ್ಲಿ ಕೆಲಸ ಸರಳವಾಗಿತ್ತು. ಊರಿನಲ್ಲಿ ಮಗು ತೀರಿಕೊಂಡ ಸುದ್ದಿ ಬಂದರೆ ಬಳಗದವರು ಕಾಗದ ಬರೆಯುವರು, ಒಪ್ಪಿದರೆ ಮನೆಗೆ ಹೋಗುವರು. ಹೋದವರು ಉಪದೇಶ ಮಾಡುತ್ತಿರಲಿಲ್ಲ. ತಮ್ಮ ಮಗುವಿನ ಹೆಸರು ಹೇಳಿ, ಆ ಮನೆಯ ಮಗುವಿನ ಹೆಸರು ಕೇಳುತ್ತಿದ್ದರು. ಸ್ಟೀಫನ್ಸ್ ಈ ಅನುಭವಗಳನ್ನು ಒಟ್ಟುಗೂಡಿಸಿ 1972ರಲ್ಲಿ 'ಡೆತ್ ಕಮ್ಸ್ ಹೋಮ್' ಎಂಬ ಪುಸ್ತಕ ತಂದರು. ಮುಂದೆ ನೌಕಾಪಡೆಯ ಪಾದ್ರಿಯಾದ ಅವರು ಹೋದಲ್ಲೆಲ್ಲ ಈ ವಿಚಾರವನ್ನೂ ಕೊಂಡೊಯ್ದರು.

ಬಳಗ ಅಂದು ಹಾಕಿಕೊಂಡ ಕೆಲವು ನಿಯಮಗಳು ಇಂದಿಗೂ ಅದರ ಬೆನ್ನೆಲುಬು. ಹುಟ್ಟಿಸಿದವರಲ್ಲಿ ಪಾದ್ರಿಯೊಬ್ಬರಿದ್ದರೂ ಸಂಸ್ಥೆ ಯಾವ ಮತಕ್ಕೂ ಸೇರಿದ್ದಲ್ಲ. ದೇವರನ್ನು ನಂಬುವವರು, ನಂಬಿಕೆ ಕಳೆದುಕೊಂಡವರು, ದೇವರ ಮೇಲೆ ಸಿಟ್ಟಾದವರು ಎಲ್ಲರಿಗೂ ಒಂದೇ ಸಾಲಿನಲ್ಲಿ ಕುರ್ಚಿ. ಸೇರಲು ಶುಲ್ಕವಿಲ್ಲ. ಶಾಖೆಗಳನ್ನು ನಡೆಸುವವರು ತಾವೇ ಮಗುವನ್ನು ಕಳೆದುಕೊಂಡವರು. ಸತ್ತ ಮಗುವಿನ ವಯಸ್ಸಾಗಲಿ ಸತ್ತ ಕಾರಣವಾಗಲಿ ಅಡ್ಡಬರುವುದಿಲ್ಲ. ಮೂರು ದಿನದ ಕೂಸಿನ ತಾಯಿಗೂ ನಲವತ್ತು ವರ್ಷದ ಮಗನ ತಂದೆಗೂ ಅಲ್ಲಿ ಒಂದೇ ಮರ್ಯಾದೆ.

ಸಾಗರದಾಚೆಗೆ (1972–1985)

ಅಮೆರಿಕದ ಫ್ಲಾರಿಡಾದಲ್ಲಿ ಮಗಳನ್ನೋ ಮಗನನ್ನೋ ಕಳೆದುಕೊಂಡ ಎಷ್ಟೋ ಮನೆಗಳಲ್ಲಿ ಪೌಲಾ ಮತ್ತು ಆರ್ನಾಲ್ಡ್ ಶಾಮ್ರೆಸ್ ದಂಪತಿಯದೂ ಒಂದು. ಸ್ಟೀಫನ್ಸ್ ಅವರ ಕೆಲಸದ ವಿಷಯ ತಿಳಿದ ಆ ದಂಪತಿ ಅವರನ್ನು ಸಂಪರ್ಕಿಸಿದರು. 1972ರಲ್ಲಿ ಅಮೆರಿಕದ ಮೊದಲ ಶಾಖೆ ಆರಂಭವಾಯಿತು. 1978ರಲ್ಲಿ ಅಲ್ಲಿನ ಸಂಸ್ಥೆ ಲಾಭರಹಿತ ಸಂಘವಾಗಿ ನೋಂದಣಿಯಾಯಿತು. ಶಿಕಾಗೋ ಬಳಿಯ ಓಕ್ ಬ್ರೂಕ್ ಮುಂದೆ ಅದರ ಕಚೇರಿಯ ಊರಾಯಿತು. ಶಾಖೆಗಳು ಕ್ರಮೇಣ 600 ದಾಟಿದವು.

ಈ ಅವಧಿಯಲ್ಲಿ ಬಳಗ ಒಂಟಿಯಾಗಿ ನಡೆಯಲಿಲ್ಲ. ಹಠಾತ್ ಶಿಶುಮರಣದ ಸಂಶೋಧನೆಗೆಂದು ಬ್ರಿಟನ್ನಿನಲ್ಲಿ 1971ರಲ್ಲಿ ಪ್ರತಿಷ್ಠಾನವೊಂದು ಹುಟ್ಟಿತು. ಸತ್ತು ಹುಟ್ಟಿದ ಮಕ್ಕಳ ತಂದೆತಾಯಿಗಳಿಗಾಗಿ 1978ರಲ್ಲಿ 'ಸ್ಯಾಂಡ್ಸ್' ಬಂತು. ಅದೇ ವರ್ಷ ಅಮೆರಿಕದ ಸಿನ್ಸಿನಾಟಿಯಲ್ಲಿ, ಕೊಲೆಯಾದ ಮಕ್ಕಳ ಹೆತ್ತವರು ತಮ್ಮದೇ ಸಂಘ ಮಾಡಿಕೊಂಡರು. ಕುಡಿದು ವಾಹನ ಓಡಿಸಿದವನಿಂದ ಮಗಳನ್ನು ಕಳೆದುಕೊಂಡ ಕ್ಯಾಂಡಿ ಲೈಟ್ನರ್ 1980ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ತಾಯಂದಿರ ಸಂಘ ಕಾನೂನುಗಳನ್ನೇ ಬದಲಿಸಿತು. ಜರ್ಮನಿಯಲ್ಲಿ ಇಂಥ ಗುಂಪುಗಳು 'ಅನಾಥರಾದ ಹೆತ್ತವರು' ಎಂಬರ್ಥದ ಹೆಸರು ತಳೆದವು. ಬೇರೆ ಬೇರೆ ಊರು, ಬೇರೆ ಬೇರೆ ದಾರಿ. ಸಮದುಃಖಿಗಳು ಸಮದುಃಖಿಗಳನ್ನು ಹುಡುಕಿಕೊಂಡರೆಂಬುದೇ ಎಲ್ಲದರ ಮೂಲ.

ಶಾಖೆಯ ತಿಂಗಳ ಸಭೆ ಹೇಗಿರುತ್ತದೆ ಎಂದು ಹೇಳದಿದ್ದರೆ ಈ ಚರಿತ್ರೆ ಬರೀ ಇಸವಿಗಳ ಪಟ್ಟಿಯಾದೀತು. ಚರ್ಚಿನ ಹಜಾರವೋ ಗ್ರಂಥಾಲಯದ ಕೋಣೆಯೋ ಯಾರದೋ ಮನೆಯ ನಡುಮನೆಯೋ, ಎಲ್ಲಿಯಾದರೂ ಕುರ್ಚಿಗಳು ದುಂಡಗೆ ಇರುತ್ತವೆ. ಪ್ರತಿಯೊಬ್ಬರೂ ತಮ್ಮ ಹೆಸರು, ಮಗುವಿನ ಹೆಸರು ಹೇಳುತ್ತಾರೆ. ಹೇಳಲಾಗದವರು ಸುಮ್ಮನಿರಬಹುದು, ಯಾರೂ ಒತ್ತಾಯಿಸುವುದಿಲ್ಲ. ನಾಲ್ಕು ತಿಂಗಳ ಹಿಂದೆ ಮಗನನ್ನು ಕಳೆದುಕೊಂಡವಳ ಎದುರಿಗೆ ಹತ್ತು ವರ್ಷದ ಹಿಂದೆ ಕಳೆದುಕೊಂಡವಳು ಕೂತಿರುತ್ತಾಳೆ. ಆಕೆ ತಲೆ ಬಾಚಿಕೊಂಡಿದ್ದಾಳೆ, ಚಹ ಕುಡಿಯುತ್ತಿದ್ದಾಳೆ, ಒಮ್ಮೊಮ್ಮೆ ನಗುತ್ತಾಳೆ ಕೂಡ. ಹೊಸಬಳಿಗೆ ಬೇರೆ ಉಪದೇಶ ಬೇಕಾಗುವುದಿಲ್ಲ. ಬದುಕಿ ಉಳಿಯಬಹುದೆಂಬುದಕ್ಕೆ ಕಣ್ಣೆದುರೇ ಸಾಕ್ಷಿ ಕೂತಿದೆ.

ಅಲ್ಲಿ ಬರುವ ಪ್ರಶ್ನೆಗಳೂ ಹೊರಗಿನವರಿಗೆ ಚಿಕ್ಕದಾಗಿ ಕಾಣುವಂಥವು. 'ನಿಮಗೆಷ್ಟು ಮಕ್ಕಳು?' ಎಂದು ಯಾರಾದರೂ ಕೇಳಿದರೆ ಏನು ಹೇಳುವುದು? ಅವನ ಕೋಣೆಯ ಬಟ್ಟೆಬರೆ ಏನು ಮಾಡುವುದು? ಹುಟ್ಟುಹಬ್ಬದ ದಿನ ಹೇಗೆ ಕಳೆಯುವುದು? ಇಂಥವಕ್ಕೆ ಉತ್ತರ ಪುಸ್ತಕದಲ್ಲಿ ಸಿಗುವುದು ಕಷ್ಟ. ಆ ದಿನವನ್ನು ದಾಟಿದವರ ಬಳಿ ಸಿಗುತ್ತದೆ.

ಗುರಿಗಳು ಅಗಲವಾದವು (1985–1996)

ತಂದೆತಾಯಿಯ ದುಃಖವೇ ಮೊದಲ ಗುರಿಯಾಗಿತ್ತು. ವರ್ಷ ಕಳೆದಂತೆ ಮನೆಯ ಉಳಿದವರೂ ಕಣ್ಣಿಗೆ ಬಿದ್ದರು. ಅಣ್ಣನನ್ನು ಕಳೆದುಕೊಂಡ ತಂಗಿಗೆ ಎಲ್ಲರೂ 'ಅಪ್ಪ ಅಮ್ಮನನ್ನು ಚೆನ್ನಾಗಿ ನೋಡಿಕೋ' ಎಂದು ಹೇಳುತ್ತಾರೆಯೇ ಹೊರತು ಆಕೆಯ ದುಃಖವನ್ನು ಕೇಳುವವರಿಲ್ಲ. ಅಜ್ಜ ಅಜ್ಜಿಯರದು ಇಮ್ಮಡಿ ನೋವು: ಮೊಮ್ಮಗು ಹೋದ ಸಂಕಟ, ಅದರ ಮೇಲೆ ಮಗಳ ಗೋಳು ನೋಡಲಾರದ ಸಂಕಟ. ಒಡಹುಟ್ಟಿದವರಿಗೂ ಅಜ್ಜ ಅಜ್ಜಿಯರಿಗೂ ಬಳಗದಲ್ಲಿ ಜಾಗವಾಯಿತು. ಬ್ರಿಟನ್ನಿನ ಶಾಖೆ ಇನ್ನೂ ಮುಂದೆ ಹೋಗಿ, ಆತ್ಮಹತ್ಯೆಯಿಂದ ಮಕ್ಕಳನ್ನು ಕಳೆದುಕೊಂಡವರಿಗಾಗಿ ಪ್ರತ್ಯೇಕ ಗುಂಪು ಮಾಡಿತು. ಇದ್ದೊಂದು ಮಗುವನ್ನೂ ಕಳೆದುಕೊಂಡು ಮಕ್ಕಳೇ ಇಲ್ಲದಂತಾದವರ ಕಡೆಗೂ ಗಮನ ಕೊಟ್ಟಿತು. ಹೆತ್ತವರೇ ಕರೆ ಎತ್ತಿಕೊಳ್ಳುವ ಸಹಾಯವಾಣಿ, ಅಂಚೆಯಲ್ಲಿ ಪುಸ್ತಕ ಕಳಿಸುವ ಗ್ರಂಥಾಲಯ ಅದರ ಹೆಮ್ಮೆಯ ಸೇವೆಗಳಾದವು.

ಬೆಳೆದ ಮನೆಯಲ್ಲಿ ಭಿನ್ನಾಭಿಪ್ರಾಯ ಸಹಜ. ಅಮೆರಿಕದಲ್ಲಿ ಆಡಳಿತದ ಬಗೆಗೆ ಬೇರೆ ಆಲೋಚನೆಯಿದ್ದ ಕೆಲವರು ಹೊರಬಂದು 1995ರಲ್ಲಿ 'ಬಿರೀವ್ಡ್ ಪೇರೆಂಟ್ಸ್ ಆಫ್ ದಿ ಯುಎಸ್‌ಎ' ಎಂಬ ಸಂಸ್ಥೆ ಕಟ್ಟಿಕೊಂಡರು. ದಾರಿ ಎರಡಾದರೂ ಗುರಿ ಒಂದೇ ಆಗಿ ಉಳಿಯಿತು. ದುಃಖದಲ್ಲಿದ್ದವರಿಗೆ ತಟ್ಟಬಹುದಾದ ಬಾಗಿಲು ಇನ್ನೊಂದು ಹೆಚ್ಚಾಯಿತೆಂದು ತಿಳಿಯುವುದೇ ನ್ಯಾಯ.

ಈ ದಶಕದ ದೊಡ್ಡ ಬದಲಾವಣೆ ವಿಚಾರದ ಮಟ್ಟದಲ್ಲಿ ನಡೆಯಿತು. ಸತ್ತವರ ಜೊತೆಗಿನ ನಂಟನ್ನು ಬಿಡಿಸಿಕೊಂಡು ಹೊಸ ಬದುಕಿಗೆ ಮನಸ್ಸು ಕೊಡುವುದೇ ಶೋಕದ ಕೆಲಸ ಎಂಬುದು ಫ್ರಾಯ್ಡ್ ಅವರ 1917ರ ಬರಹದಿಂದ ಬಂದ ನಂಬಿಕೆ. ಆದರೆ 1920ರಲ್ಲಿ ಮಗಳು ಸೋಫಿಯನ್ನು ಕಳೆದುಕೊಂಡ ಅದೇ ಫ್ರಾಯ್ಡ್, ಆಕೆಯ ಹುಟ್ಟಿದ ದಿನ ಬಂದಾಗ 1929ರಲ್ಲಿ ಗೆಳೆಯ ಬಿನ್ಸ್‌ವಾಂಗರ್ ಅವರಿಗೆ ಬರೆದ ಕಾಗದದಲ್ಲಿ, ಆ ತೆರವು ಎಂದಿಗೂ ತುಂಬುವುದಿಲ್ಲವೆಂದು ಒಪ್ಪಿಕೊಂಡಿದ್ದರು. ಬಿನ್ಸ್‌ವಾಂಗರ್ ಕೂಡ ಮಗನನ್ನು ಕಳೆದುಕೊಂಡವರೇ. ಅದೂ ಸಮದುಃಖಿ ಸಮದುಃಖಿಗೆ ಬರೆದ ಕಾಗದ. ಶಾಸ್ತ್ರಜ್ಞ ಫ್ರಾಯ್ಡ್‌ಗೆ ಕಾಣದ್ದು ತಂದೆ ಫ್ರಾಯ್ಡ್‌ಗೆ ಕಂಡಿತ್ತು.

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಇಂಥ ಹೆತ್ತವರ ಗುಂಪಿನ ಜೊತೆ ವರ್ಷಗಟ್ಟಲೆ ಇದ್ದು ಅಧ್ಯಯನ ಮಾಡಿದ ವಿದ್ವಾಂಸ ಡೆನ್ನಿಸ್ ಕ್ಲಾಸ್ ಈ ಸತ್ಯಕ್ಕೆ ಶಾಸ್ತ್ರದ ಬಲ ಕೊಟ್ಟರು. ಫಿಲಿಸ್ ಸಿಲ್ವರ್‌ಮನ್, ಸ್ಟೀವನ್ ನಿಕ್‌ಮನ್ ಜೊತೆ ಸೇರಿ ಅವರು 1996ರಲ್ಲಿ ತಂದ 'ಕಂಟಿನ್ಯೂಯಿಂಗ್ ಬಾಂಡ್ಸ್' ಎಂಬ ಗ್ರಂಥದ ತಿರುಳು ಇಷ್ಟು: ಸತ್ತ ಮಗುವಿನ ಜೊತೆಗಿನ ನಂಟು ಕಡಿಯುವುದಿಲ್ಲ, ರೂಪ ಬದಲಿಸುತ್ತದೆ; ಆ ನಂಟನ್ನು ಇಟ್ಟುಕೊಂಡೇ ಮನುಷ್ಯ ಆರೋಗ್ಯದಿಂದ ಬಾಳಬಲ್ಲ. ಮಗುವಿನ ಹೆಸರಿನಲ್ಲಿ ಇನ್ನೊಬ್ಬರಿಗೆ ನೆರವಾಗುವುದು ಆ ನಂಟಿನ ಒಂದು ರೂಪ. ಶಾಖೆಗಳ ಹಳಬರು ವರ್ಷಾನುಗಟ್ಟಲೆ ತಿಂಗಳ ಸಭೆಗೆ ಬರುವುದು ಏಕೆಂಬುದಕ್ಕೆ ಉತ್ತರವೂ ಇದೇ. ಕೊವೆಂಟ್ರಿಯಲ್ಲಿ ಪಾಳುಗೋಡೆ ಕೆಡವದೆ ಅದರ ಪಕ್ಕದಲ್ಲೇ ಹೊಸ ಮಂದಿರ ಕಟ್ಟಿದ್ದೂ ಇದೇ ಬಗೆಯದು.

ದೀಪದ ಸಾಲು (1997ರಿಂದ ಇತ್ತ)

1997ರಲ್ಲಿ ಬಳಗ ಆರಂಭಿಸಿದ ಒಂದು ಚಿಕ್ಕ ಆಚರಣೆ ಈಗ ಲೋಕವ್ಯಾಪಿಯಾಗಿದೆ. ಪ್ರತಿ ಡಿಸೆಂಬರಿನ ಎರಡನೆಯ ಭಾನುವಾರ ಸಂಜೆ 7ಕ್ಕೆ ಆಯಾ ಊರಿನ ಗಡಿಯಾರದಂತೆ ಒಂದೊಂದು ಮೋಂಬತ್ತಿ ಹಚ್ಚಿ ಒಂದು ಗಂಟೆ ಉರಿಸಬೇಕು. ಒಂದು ಕಡೆ ದೀಪ ಆರುವ ಹೊತ್ತಿಗೆ ಪಶ್ಚಿಮದ ಮುಂದಿನ ನಾಡಿನಲ್ಲಿ ದೀಪ ಹತ್ತುತ್ತದೆ. ಹೀಗೆ 24 ಗಂಟೆ ಮಕ್ಕಳ ನೆನಪಿನ ಬೆಳಕು ಭೂಮಿಯನ್ನು ಸುತ್ತಿ ಬರುತ್ತದೆ. ಕಾರ್ತಿಕದ ದೀಪ ಹಚ್ಚುವ ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಅದೇ ಹೊತ್ತಿನ ಇನ್ನೊಂದು ಸೇವೆ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಮಗು ಸತ್ತ ಮನೆಗಳಲ್ಲಿ ಹೆಚ್ಚಿನವು ವಿಚ್ಛೇದನದಲ್ಲಿ ಮುಗಿಯುತ್ತವೆ ಎಂಬ ಮಾತು ಅಮೆರಿಕದಲ್ಲಿ ಬಹುಕಾಲ ಹಬ್ಬಿತ್ತು. ಮೊದಲೇ ನೊಂದವರಿಗೆ ಇದು ಇನ್ನೊಂದು ಹೆದರಿಕೆ. ಬಳಗ 1999ರಲ್ಲಿ ಸಮೀಕ್ಷೆ ಮಾಡಿಸಿತು. ಮಗು ತೀರಿದಾಗ ಮದುವೆಯಾಗಿದ್ದವರಲ್ಲಿ ಶೇ. 72 ಮಂದಿ ಅದೇ ಸಂಗಾತಿಯ ಜೊತೆ ಬಾಳುತ್ತಿದ್ದರು, ಬೇರೆಯಾದವರು ಶೇ. 12 ಮಾತ್ರ, ಉಳಿದವರಲ್ಲಿ ಸಂಗಾತಿ ತೀರಿಹೋಗಿದ್ದರು. ಗಂಡ ಹೆಂಡತಿ ಒಂದೇ ದುಃಖವನ್ನು ಎರಡು ಬಗೆಯಲ್ಲಿ ಹೊರುತ್ತಾರೆಂಬುದು ನಿಜ. ಮಗುವನ್ನು ಕಳೆದುಕೊಂಡ ಹೊತ್ತಿನಲ್ಲಿ ಬೇಂದ್ರೆಯವರು ಬರೆದ, ಹೆಂಡತಿಯ ನೋಟವನ್ನು ಎದುರಿಸಲಾರದ ಗಂಡನ ಪದ್ಯವನ್ನು ಬಲ್ಲ ಕನ್ನಡಿಗರಿಗೆ ಈ ಸತ್ಯ ಹೊಸದಲ್ಲ. ದುಃಖ ದೂರ ಮಾಡೀತು, ಹತ್ತಿರವೂ ತಂದೀತು. ಹೆದರಿದವರಿಗೆ ಆ ಅಂಕಿ ಒಂದು ಆಸರೆಯಾಯಿತು.

ಈ ದುಃಖ ಬರೀ ಮನಸ್ಸಿನ ವಿಷಯವಲ್ಲ ಎಂಬುದನ್ನೂ ವೈದ್ಯಲೋಕ ಕಂಡುಕೊಂಡಿತು. 2003ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಡೆನ್ಮಾರ್ಕಿನ ದೊಡ್ಡ ಅಧ್ಯಯನದಂತೆ, ಮಗುವನ್ನು ಕಳೆದುಕೊಂಡ ತಂದೆತಾಯಿಯರಲ್ಲಿ, ಅದರಲ್ಲೂ ತಾಯಂದಿರಲ್ಲಿ, ಸಾವಿನ ಪ್ರಮಾಣ ಇತರರಿಗಿಂತ ಹೆಚ್ಚು. ಮೊದಲ ಕೆಲವು ವರ್ಷಗಳಲ್ಲಿ ಅಪಾಯ ಇನ್ನೂ ಹೆಚ್ಚು. ಕೊವೆಂಟ್ರಿಯ ನಾಲ್ವರು ಚಹ ಕುಡಿಯುತ್ತ ಮಾಡಿದ ಕೆಲಸ ಜೀವ ಉಳಿಸುವ ಕೆಲಸವೂ ಆಗಿದ್ದಿರಬಹುದು.

2020ರ ಕೋವಿಡ್ ಕಾಲದಲ್ಲಿ ಕುರ್ಚಿಗಳ ದುಂಡು ಮುರಿದು ಸಭೆಗಳು ಕಂಪ್ಯೂಟರಿನ ಪರದೆಗೆ ಬಂದವು. ಮುಟ್ಟಿ ಸಮಾಧಾನ ಮಾಡಲಾಗದ ಕಾಲವದು. ಆದರೂ ಹತ್ತಿರದಲ್ಲಿ ಶಾಖೆಯೇ ಇಲ್ಲದ ಹಳ್ಳಿಗಾಡಿನವರಿಗೆ, ಮನೆಬಿಟ್ಟು ಹೊರಡಲಾಗದವರಿಗೆ ಮೊದಲ ಬಾರಿಗೆ ಸಭೆಯ ಬಾಗಿಲು ತೆರೆಯಿತು.

ಕಟ್ಟಡ

ಸ್ಮರಣ ಸಂಚಿಕೆಗಳಲ್ಲಿ ಕಟ್ಟಡದ ಚಿತ್ರ ಇರಲೇಬೇಕು. ಈ ಸಂಸ್ಥೆಯ ಚಿತ್ರಕ್ಕೆ ಅಡುಗೆಮನೆಯ ಮೇಜೇ ಸರಿ. ಅದು ಹುಟ್ಟಿದ ಆಸ್ಪತ್ರೆಯೂ ಈಗ ಇಲ್ಲ. 2006ರಲ್ಲಿ ಕೊವೆಂಟ್ರಿಯ ಹೊಸ ವಿಶ್ವವಿದ್ಯಾಲಯ ಆಸ್ಪತ್ರೆ ಆರಂಭವಾದಾಗ ಹಳೆಯದು ಮುಚ್ಚಿತು. ಕಚೇರಿಗಳು ಊರಿಂದೂರಿಗೆ ಬದಲಾದವು. ಬಾಡಿಗೆ ಹಜಾರ, ಎರವಲು ಕೋಣೆ, ಯಾರದೋ ಮನೆಯ ನಡುಮನೆ, ಇಷ್ಟರಲ್ಲೇ ಐದು ದಶಕ ನಡೆದಿದೆ. ಹೀಗೆ ನಡೆದದ್ದರಿಂದಲೇ ಅದು ಬೇಗ ಹರಡಿತು ಎನ್ನಬೇಕು. ಇನ್ನೊಂದು ಊರಿನಲ್ಲಿ ಶಾಖೆ ತೆರೆಯಲು ನಿಧಿ ಸಂಗ್ರಹ ಬೇಕಾಗಲಿಲ್ಲ; ಇಬ್ಬರು ಹೆತ್ತವರು, ನಾಲ್ಕು ಕುರ್ಚಿ ಸಾಕಾದವು.

ನಮ್ಮ ನೆಲದಲ್ಲಿ

ಇಂಗ್ಲೆಂಡಿಗೆ ಅಂದು ಬಂದ ಸ್ಥಿತಿ ಈಗ ನಮ್ಮ ಹೊಸಿಲಿಗೆ ಬಂದಿದೆ. 1960ರಲ್ಲಿ ಭಾರತದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 240ರಷ್ಟು ಐದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು; ಈಗ ಆ ಸಂಖ್ಯೆ 30ರ ಆಸುಪಾಸು. ನಮ್ಮ ಅಜ್ಜಿಯರು ಹೆತ್ತ ಹತ್ತರಲ್ಲಿ ಉಳಿದ ಆರರ ಲೆಕ್ಕ ಹೇಳುವಾಗ ಹೋದ ನಾಲ್ಕರ ಹೆಸರನ್ನೂ ಹೇಳುತ್ತಿದ್ದರು, ಕೇಳುವ ವಾರಗಿತ್ತಿಯರಿಗೂ ಅದೇ ಅನುಭವವಿತ್ತು. ಇಂದಿನ ಅಪಾರ್ಟ್‌ಮೆಂಟಿನ ತಾಯಿಗೆ ಆ ವಾರಗಿತ್ತಿ ಇಲ್ಲ. ಕಾರಣಗಳೂ ಬದಲಾಗಿವೆ. ರಸ್ತೆಯಲ್ಲಿ, ಕ್ಯಾನ್ಸರ್ ವಾರ್ಡಿನಲ್ಲಿ, ಹಾಸ್ಟೆಲ್ ಕೋಣೆಯಲ್ಲಿ ಹೋದ ಮಕ್ಕಳ ಹೆತ್ತವರು ನಮ್ಮ ನಡುವೆ ಇದ್ದಾರೆ. 2022ರ ಸರ್ಕಾರಿ ದಾಖಲೆಯಂತೆ ಆ ಒಂದೇ ವರ್ಷ ದೇಶದಲ್ಲಿ 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಅಷ್ಟೂ ಮನೆಗಳಲ್ಲಿ ಅಳುವಿನ ಜೊತೆ ಅಪವಾದದ ಭಯವೂ ಇದೆ.

ಸಮದುಃಖಿಗಳ ಬಲ ಎಂಥದೆಂದು ಭಾರತಕ್ಕೂ ಗೊತ್ತು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದ ಬೆಂಕಿಯಲ್ಲಿ 59 ಜನ ಸತ್ತರು. ಮಗಳು ಮಗ ಇಬ್ಬರನ್ನೂ ಕಳೆದುಕೊಂಡ ನೀಲಂ ಮತ್ತು ಶೇಖರ್ ಕೃಷ್ಣಮೂರ್ತಿ ಉಳಿದ ಕುಟುಂಬಗಳನ್ನು ಒಂದೊಂದಾಗಿ ಹುಡುಕಿ ಮಾತಾಡಿಸಿ ಅದೇ ತಿಂಗಳ ಕೊನೆಗೆ ಸಂಘ ಕಟ್ಟಿದರು. ಆ ಸಂಘ ಎರಡು ದಶಕಕ್ಕೂ ಹೆಚ್ಚು ಕಾಲ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಒಬ್ಬಂಟಿಯಾಗಿದ್ದರೆ ಯಾವ ತಂದೆಗೂ ತಾಯಿಗೂ ಆಗದ ಕೆಲಸವದು.

ಇನ್ನೂ ಹಿಂದಿನ ಕಥೆಯೊಂದು ನಮಗೆಲ್ಲ ಗೊತ್ತಿರುವುದೇ. ಸತ್ತ ಮಗುವನ್ನು ಎತ್ತಿಕೊಂಡು ಬಂದ ಕಿಸಾಗೋತಮಿಗೆ ಬುದ್ಧ, ಸಾವಿಲ್ಲದ ಮನೆಯಿಂದ ಸಾಸಿವೆ ತರಲು ಹೇಳಿದ. ಎಲ್ಲರೂ ಸಾಯುವವರೇ ಎಂಬ ಪಾಠವನ್ನು ನಾವು ಇದರಿಂದ ತೆಗೆಯುತ್ತೇವೆ. ಆದರೆ ಆಕೆ ತಟ್ಟಿದ ಬಾಗಿಲುಗಳನ್ನೂ ನೆನೆಯಬೇಕು. ಪ್ರತಿ ಬಾಗಿಲಲ್ಲೂ ಯಾರೋ ಒಬ್ಬರು ಹೊರಗೆ ಬಂದು, 'ನಮ್ಮ ಮನೆಯಲ್ಲೂ ಹೀಗಾಗಿದೆ ತಾಯಿ' ಎಂದು ಹೇಳಿರಬೇಕು. ಬುದ್ಧ ಉಪದೇಶಕ್ಕೆ ಮೊದಲು ಆಕೆಯನ್ನು ಕಳಿಸಿದ್ದು ಸಮದುಃಖಿಗಳ ಬಳಿಗೆ. ಕೊವೆಂಟ್ರಿಯ ತರುಣ ಪಾದ್ರಿ ತಿಳಿದೋ ತಿಳಿಯದೆಯೋ ಮಾಡಿದ್ದೂ ಅದನ್ನೇ.

ಕರ್ನಾಟಕದಲ್ಲಿ ಇಂಥ ಗುಂಪುಗಳು ಊರೂರಿಗೆ ಬೇಕು. ಆಸ್ಪತ್ರೆಗಳ ಸಮಾಜಕಾರ್ಯ ವಿಭಾಗಗಳು, ಶಾಲೆಗಳು, ಮಹಿಳಾ ಮಂಡಲಗಳು ತಿಂಗಳಿಗೊಮ್ಮೆ ಒಂದು ಕೋಣೆ ಕೊಟ್ಟರೆ ಆರಂಭಕ್ಕೆ ಅಷ್ಟೇ ಸಾಕು. ತೀರಾ ಸಂಕಟದ ಹೊತ್ತಿಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇದೆ. ಅದು ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ ನಡೆಯುತ್ತದೆ, ಕನ್ನಡದಲ್ಲೂ ಮಾತಾಡಬಹುದು. ವೈದ್ಯರ ನೆರವು ಬೇಕಾದಲ್ಲಿ ಅದನ್ನು ಪಡೆಯಲೇಬೇಕು. ಅದರ ಆಚೆಗೆ ಉಳಿಯುವ ದೊಡ್ಡ ಒಂಟಿತನಕ್ಕೆ ಮಾತ್ರ ಇನ್ನೊಬ್ಬ ತಾಯಿ, ಇನ್ನೊಬ್ಬ ತಂದೆಯೇ ಬೇಕು.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಬೀದಿಯಲ್ಲಿ, ನೆಂಟರಲ್ಲಿ, ಕಚೇರಿಯಲ್ಲಿ ಮಗುವನ್ನು ಕಳೆದುಕೊಂಡವರಿದ್ದರೆ ಹದಿಮೂರನೆಯ ದಿನ ಕಳೆದ ಮೇಲೆ, ಆರು ತಿಂಗಳಾದ ಮೇಲೆ, ಮಗುವಿನ ಹುಟ್ಟುಹಬ್ಬ ಬಂದಾಗ ಅವರ ಮನೆಗೆ ಒಮ್ಮೆ ಹೋಗಿ. 'ಹೆಸರೆತ್ತಿದರೆ ಅಳುತ್ತಾಳೆ' ಎಂದು ಅಂಜಬೇಡಿ. ಆಕೆ ಹೇಗೂ ಅಳುತ್ತಿದ್ದಾಳೆ, ಒಬ್ಬಳೇ ಅಳುತ್ತಿದ್ದಾಳೆ. ಮಗುವಿನ ಹೆಸರು ಹಿಡಿದೇ ಮಾತಾಡಿಸಿ. ನೀವೂ ಆ ದಾರಿ ನಡೆದವರಾದರೆ, ನಿಮ್ಮ ಮಗುವಿನ ಹೆಸರನ್ನೂ ಹೇಳಿ.